ಕಲ್ಲಪ್ಪನ ಅವ್ವ

ಕಾಂತಾ ಗಂಡನ ಅಂಗಿಗೆ ಎರಡನೆಯ ಗುಂಡಿ ಹಚ್ಚುತ್ತಿದ್ದಳು. ಗಂಡ ಅಂಗಿಯೊಳಗೇ ಇದ್ದ. ಆಫೀಸಿಗೆ ಹೊತ್ತಾಯಿತು, ಬಿಚ್ಚಿ ಕೊಡಲು ಪುರಸೊತ್ತಿಲ್ಲ ಎಂದು ಗುರುಪುತ್ರಪ್ಪ ಎದೆಯೊಡ್ಡಿಕೊಂಡು ನಿಂತು, ಅವಳ ಹೆಸರಿಗೆ ಬಂದಿದ್ದ, ಮೂರು ದಿನದಿಂದ ತನ್ನ ಕಿಸೆಯಲ್ಲೇ ಮರೆತಿದ್ದ ಒಂದು ಕಾರ್ಡನ್ನು ಓದುತ್ತಿದ್ದ.

"'ಬಿ.ಎಡ್. ಪ್ರವೇಶಕ್ಕೆ ತಾವು ಆಯ್ಕೆಯಾಗಿದ್ದೀರಿ. ಗುರುವಾರ ಸಂಜೆ ನಾಲ್ಕು ಗಂಟೆಯೊಳಗೆ ಪದವಿಯ ಮೂಲ ಪ್ರಮಾಣಪತ್ರದೊಂದಿಗೆ ಹಾಜರಾಗತಕ್ಕದ್ದು. ತಪ್ಪಿದಲ್ಲಿ ಸೀಟು ಮುಂದಿನವರಿಗೆ ಹೋಗುವುದು.' ಗುರುವಾರ ಅಂದ್ರ ಇವತ್ತ ಅಲ್ಲೇನು?"

ಸೂಜಿ ಅಂಗಿಯನ್ನು ದಾಟಿ ಒಳಗೆ ಹೋಯಿತು.

"ಯವ್ವಾ! ಏನು ಮಾಡ್ತಿಯೇ!"

"ಸರ್ಟಿಫಿಕೇಟ್ ಖಾನಾಪುರದಾಗ ಐತ್ರಿ," ಎಂದಳು ಕಾಂತಾ, ದಾರ ಕಡಿಯುವುದನ್ನೂ ಮರೆತು. "ಓಣ್ಯಾಗಿನವರಿಗೆ ತೋರಿಸಿ ಕೊಡ್ತೇನಿ ಅಂತ ನಿಮ್ಮ ಅವ್ವ ಒಯ್ದು ಒಂದ ವರ್ಷಾತು."

ಮದುವೆಯಾಗಿ ಆರು ವರ್ಷವಾಗಿತ್ತು. ಕಾಂತಾಳಿಗೆ ಒಂದು ಕೂಸು ಬೇಕೆಂದು ಬೆಳಗಾವಿಯ ಶಹಾಪುರದ ಓಣಿ ತೀರ್ಮಾನಿಸಿತ್ತು, ಖಾನಾಪುರದ ಅತ್ತೆ ತೀರ್ಮಾನಿಸಿದ್ದಳು, ನಡುವಿನ ಊರುಗಳಲ್ಲಿದ್ದ ಬೀಗರು ಬಿಜ್ಜರೂ ತೀರ್ಮಾನಿಸಿದ್ದರು. ಇನ್ನೂ ತೀರ್ಮಾನಿಸದೆ ಉಳಿದವಳು ಕಾಂತಾ ಒಬ್ಬಳೇ. ಮನೆಯಲ್ಲೇ ಕೂತು ಓದಿ ಬಿ.ಎ. ಪಾಸಾಗಿದ್ದಳು. ಬಿ.ಎಡ್. ಮುಗಿಸಿ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಬೇಕು, ಕೂಸಿನ ಮಾತು ಆಮೇಲೆ ಎನ್ನುತ್ತಿದ್ದಳು. 'ಆಮೇಲೆ' ಎಂದರೆ ಹೌದೋ ಅಲ್ಲವೋ ಎಂಬುದು ಅವಳಿಗೂ ಗೊತ್ತಿರಲಿಲ್ಲ. ಗಂಡನನ್ನು ಕೇಳಿದರೆ, "ನಿನ್ನ ಮನಸ್ಸಿಗೆ ಹೆಂಗ ಬರ್ತೈತಿ ಹಂಗ," ಎನ್ನುತ್ತಿದ್ದ. ಒಳ್ಳೆಯ ಮನುಷ್ಯ. ಭಾರವಾದ ಟ್ರಂಕಿಗೆ ಒಂದು ಕೈ ಹಚ್ಚಿರೆಂದರೆ, ನಿನಗೆ ಹೇಗೆ ಎತ್ತಬೇಕು ಅನ್ನಿಸುತ್ತದೋ ಹಾಗೆ ಎತ್ತು ಎನ್ನುವ ಬಗೆಯ ಒಳ್ಳೆಯವನು.

ಹತ್ತೂವರೆಗೆ ಕಾಂತಾ ಖಾನಾಪುರದಲ್ಲಿ ಅತ್ತೆಯ ಮನೆಯ ಪಡಸಾಲೆಯಲ್ಲಿದ್ದಳು. ಅತ್ತೆ ಬಸವಣ್ಣೆವ್ವ ಸರ್ಟಿಫಿಕೇಟು ಎಂದೊಡನೆ ಒಳಕೋಣೆಗೆ ಕರೆದೊಯ್ದಳು. ತೊಲೆಗೆ ತೂಗುಹಾಕಿದ್ದ ಮರದ ತೊಟ್ಟಿಲಲ್ಲಿ, ಮೆತ್ತನೆಯ ಕೌದಿಯ ಮೇಲೆ, ವಿಶ್ವವಿದ್ಯಾಲಯದ ಮುದ್ರೆ ಹೊತ್ತ ಪದವಿಪತ್ರ ಅಂಗಾತ ಮಲಗಿತ್ತು.

"ಇದರಾಗ ಯಾಕ ಇಟ್ಟೀರಿ ಅತ್ತ್ಯಾರ?"

"ಖಾಲಿ ತೊಟ್ಟಿಲಾ ತೂಗಹಾಕಬಾರದವಾ. ಮಲಗಸಾಕ ಬ್ಯಾರೆ ಏನೈತಿ? ಆರು ವರ್ಷದಾಗ ನೀ ಹಡದದ್ದು ಇದೊಂದ. ಇದನ್ನ ಮಲಗಿಸೀನಿ."

ಕಾಂತಾ ಪದವಿಪತ್ರವನ್ನು ಮೆಲ್ಲಗೆ ಎತ್ತಿಕೊಂಡು ಚೀಲಕ್ಕೆ ಹಾಕಿದಳು. ಅಷ್ಟಕ್ಕೇ ಹೊರಟಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ತೊಟ್ಟಿಲು ಈಗ ಖಾಲಿಯಾಯಿತು. ಬಸವಣ್ಣೆವ್ವ ಅದನ್ನೇ ದಿಟ್ಟಿಸಿ ನೋಡಿದಳು.

"ಅಲ್ಲವಾ, ಚೊಲೋ ಹೊತ್ತಿಗೆ ಬಂದಿ ನೋಡು. ನಿಮ್ಮ ಬಾಜೂ ಮನಿ ಅಕ್ಕವ್ವ ತನ್ನ ಮಗಳ ಕೂಸಿಗೆ ಈ ತೊಟ್ಟಿಲಾ ಬೇಕಂತ ಹೇಳಿ ಕಳಸ್ಯಾಳ. ನಾಳೆ ಹೆಸರಿಡೋ ಕಾರ್ಯ. ನೀನ ಒಯ್ದುಬಿಡು. ಈ ತೊಟ್ಟಿಲದಾಗ ಹದಿನಾಕು ಮಂದಿ ಬೆಳದಾರ, ಒಬ್ಬರೂ ಕೆಟ್ಟಿಲ್ಲ."

"ಲಕ್ಷ್ಮಪ್ಪ ಕಾಕಾ?"

"ಅಂವ ತೊಟ್ಟಿಲದಾಗ ಚೊಲೋನ ಇದ್ದ. ಇಳದ ಮ್ಯಾಲ ಕೆಟ್ಟ."

ತೊಟ್ಟಿಲು ಖಾಲಿ ಹೊಸ್ತಿಲು ದಾಟಬಾರದು. ಅದರ ಜೊತೆ ಕೂಸಿರಬೇಕು, ಇಲ್ಲವೇ ಕಲ್ಲಿರಬೇಕು. ನಾಮಕರಣದ ದಿನ ಕೂಸಿಗಿಂತ ಮೊದಲು ಒಂದು ಗುಂಡುಕಲ್ಲನ್ನು ಶೃಂಗರಿಸಿ ತೊಟ್ಟಿಲಲ್ಲಿ ಮಲಗಿಸಿ ತೂಗುವುದು ಈ ಕಡೆಯ ಪದ್ಧತಿ. ಕೂಸು ಕಲ್ಲಿನ ಹಾಗೆ ಗಟ್ಟಿಯಾಗಿರಲಿ ಎಂದು. ಬಸವಣ್ಣೆವ್ವ ಖಾರ ರುಬ್ಬುವ ಗುಂಡುಕಲ್ಲನ್ನು ತೊಳೆದು, ವಿಭೂತಿ ಹಚ್ಚಿ, ಹಳೆಯ ಸೀರೆಯ ಮೆತ್ತನೆಯ ತುಂಡಿನಲ್ಲಿ ಸುತ್ತಿ, ಮೇಲೊಂದು ಕೂಸಿನ ತಲೆಗೆ ಕಟ್ಟುವ ಕೆಂಪು ಕುಂಚಿಗೆ ಕಟ್ಟಿ ಸೊಸೆಯ ಕೈಗೆ ಕೊಟ್ಟಳು.

"ತೊಟ್ಟಿಲಾ ಬಸ್ಸಿನ ಮ್ಯಾಲ ಹಾಕಲಿ. ಇದನ್ನ ಮಾತ್ರ ಉಡ್ಯಾಗ ಇಟಗೋ. ಅಕ್ಕವ್ವನ ಮನಿ ಮುಟ್ಟೂತನಕ ನೆಲಕ್ಕ ಇಡಬ್ಯಾಡ. ಇಟ್ಟರ ಆ ಕೂಸಿಗೆ ಚೊಲೋ ಅಲ್ಲ."

ಕಾಂತಾ ಇಂಥದನ್ನೆಲ್ಲ ನಂಬುವವಳಲ್ಲ. ಆದರೆ ನಾಳೆ ಆ ಕೂಸು ಒಂದು ಸಲ ಸೀನಿದರೂ ಓಣಿ ಯಾರ ಕಡೆ ನೋಡುತ್ತದೆಂಬುದು ಅವಳಿಗೆ ಗೊತ್ತಿತ್ತು. ಕಲ್ಲನ್ನು ಎದೆಗೊತ್ತಿಕೊಂಡು ಹೊರಟಳು.

ಹನ್ನೆರಡರ ಬಸ್ಸು ಒಂದಕ್ಕೆ ಬಂತು. ಕಾಲಿಡಲು ಜಾಗವಿರಲಿಲ್ಲ. ಆದರೆ ಕೆಂಪು ಕುಂಚಿಗೆ ಬಾಗಿಲಲ್ಲಿ ಕಂಡದ್ದೇ ತಡ, ನಡುವಿನ ಸೀಟಿನಿಂದ ಒಂದು ಗಂಟಲು ಎದ್ದಿತು. ಅದು ಗಂಗೂಬಾಯಿಯದು. ಬೆಳಗಾವಿಯ ಮಗಳ ಮನೆಗೆ ಹಲಸಿನ ಹಣ್ಣು ಒಯ್ಯುತ್ತಿದ್ದ ಆಕೆ ಅರ್ಧ ಮರಾಠಿ, ಅರ್ಧ ಕನ್ನಡ, ಪೂರ್ತಿ ಅಧಿಕಾರದಲ್ಲಿ ಮಾತಾಡುವವಳು.

"ಅಹೋ ಪಾವಣೆ, ಎದ್ದೇಳ್ರಿ! ಬಾಣಂತಿನ್ನ ನಿಂದರಿಸಿ ಕುಂತೀರಲ್ಲ, ನಾಚಿಕಿ ಬರೂದಿಲ್ಲಾ?"

ತಲೆಗೆ ಪಟಗ ಸುತ್ತಿದ್ದ ಮುದುಕನೊಬ್ಬ ಗಾಬರಿಯಾಗಿ ಎದ್ದ. ಕಾಂತಾ ಸಂಕೋಚದಿಂದ, "ನಾ ಬಾಣಂತಿ ಅಲ್ರಿ. ಇದು ಕೂಸಲ್ಲ, ಕಲ್ಲು," ಎಂದಳು.

"ಹಂಗ ಅನಸ್ತದ ತಂಗಿ. ಹಡದ ಹೊಸದಾಗ ಎಲ್ಲಾರಿಗೂ ಹಂಗ ಅನಸ್ತದ. ನಮ್ಮ ಮೂರನೇದು ಹುಟ್ಟಿದಾಗ ನಾನೂ ಇದು ಬೆಣಚುಕಲ್ಲು ಅಂತಿದ್ದೆ. ಕುಂದರು."

ಕಾಂತಾ ಕೂತಳು. ಕಂಡಕ್ಟರ್ ಬಸಲಿಂಗಪ್ಪ ಟಿಕೆಟ್ ಹರಿದು, "ಕೂಸಿಗೆ ಗಾಳಿ ಹತ್ತೀತು, ಕಿಡಕಿ ಹಾಕ್ರಿ," ಎಂದು ಆಜ್ಞೆ ಮಾಡಿದ. ಕಿಟಕಿ ಹಾಕಿದರು. ಹಿಂದಿನ ಸೀಟಿನವರು ಉಸಿರು ಕಟ್ಟುತ್ತದೆ ಎಂದು ತೆಗೆಸಿದರು. ಕೂಸಿಗೆ ಗಾಳಿ ಒಳ್ಳೆಯದೋ ಕೆಟ್ಟದೋ ಎಂದು ಬಸ್ಸಿನಲ್ಲಿ ಎರಡು ಪಕ್ಷಗಳಾದವು. ಕಾಂತಾ ಇನ್ನೆರಡು ಸಲ "ಕಲ್ಲು" ಎಂದು ನೋಡಿದಳು. ತಾಯಿಯೇ ತನ್ನ ಕೂಸಿಗೆ ಹಾಗೆನ್ನಬಾರದೆಂದು ಬೈಸಿಕೊಂಡಳು.

ಊರು ದಾಟಿ ಅರ್ಧ ದಾರಿ ಬಂದಾಗ ಗಂಗೂಬಾಯಿಗೆ ತಡೆಯಲಾಗಲಿಲ್ಲ. "ಒಮ್ಮೆನೂ ಅತ್ತಿಲ್ಲಲ್ಲ ಇದು?" ಎಂದು ಕುಂಚಿಗೆಯೊಳಗೆ ಕೈ ಹಾಕಿ ಹಣೆ ಮುಟ್ಟಿದಳು. ಮುಟ್ಟಿದ ಕೈ ಅಲ್ಲೇ ನಿಂತಿತು.

"ಅಗ ಬಾಈ! ಕೂಸು ತಣ್ಣಗಾಗೇದ! ಗಾಡಿ ನಿಂದರಸ್ರೀ!"

ಬಸ್ಸಿನವರೆಲ್ಲ ಹೋ ಎಂದರು. ಬಸಲಿಂಗಪ್ಪ ಸೀಟಿ ಊದಿದ, ಊದುತ್ತಲೇ ಇದ್ದ. ಡ್ರೈವರ್ ಹಿಂತಿರುಗಿ ನೋಡಿ, ಏನು ಎತ್ತ ಕೇಳದೆ, ಬಲಕ್ಕೆ ಹೊರಳಿಸಿ ಕಚ್ಚಾ ರಸ್ತೆಗೆ ಇಳಿಸಿದ. ಒಂದೂವರೆ ಮೈಲಿಯಾಚೆ ಒಂದು ಹಳ್ಳಿಯಲ್ಲಿ ದವಾಖಾನೆ ಇತ್ತು. "ನನಗ ನಾಕು ಗಂಟೆಗೆ ಕಾಲೇಜ ಐತ್ರಿ! ಇದು ಕಲ್ಲರೀ!" ಎಂದು ಕಾಂತಾ ಕೂಗಿದಳು. "ಪಾಪ, ದುಃಖಕ್ಕ ತಲಿ ತಿರಗೇತಿ," ಎಂದು ಪಟಗದ ಮುದುಕ ಕಣ್ಣೊರೆಸಿಕೊಂಡ.

ದವಾಖಾನೆಯಲ್ಲಿ ಡಾಕ್ಟರ್ ಇರಲಿಲ್ಲ, ಕಂಪೌಂಡರ್ ನಾಗಲಿಂಗ ಇದ್ದ. ಇಡೀ ಬಸ್ಸು ಬಾಗಿಲಲ್ಲಿ ಮುಗಿಬಿದ್ದಿರಲು ಅವನು ಗಂಭೀರವಾಗಿ ಸ್ಟೆತಸ್ಕೋಪು ಹಚ್ಚಿ ಒಂದು ನಿಮಿಷ ಕೇಳಿದ. ತಲೆ ಅಲ್ಲಾಡಿಸಿದ. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಬಳಿಕ ಅವನು ಬಟ್ಟೆ ಬಿಚ್ಚಿದ.

"ಇದು ಕಲ್ಲು," ಎಂದ.

ಇಷ್ಟು ಹೊತ್ತು ಕಾಂತಾಳ ಬಾಯಲ್ಲಿ ಹುಚ್ಚಾಗಿದ್ದ ಮಾತು, ಕೊರಳಲ್ಲಿ ಸ್ಟೆತಸ್ಕೋಪು ಇದ್ದವನ ಬಾಯಲ್ಲಿ ಖರೇ ಆಯಿತು. ಕೂಸು ಸತ್ತಿಲ್ಲ ಎಂದು ಯಾರೂ ಸಂತೋಷಪಡಲಿಲ್ಲ. ತಮ್ಮ ಅಳು ದಂಡವಾಯಿತಲ್ಲ ಎಂದು ಸಿಟ್ಟಾದರು. ಪಟಗದ ಮುದುಕ ತನ್ನ ಸೀಟು ಮರಳಿ ಕೇಳಿದ. ಬಸಲಿಂಗಪ್ಪ ಟಿಕೆಟ್ ಪೆಟ್ಟಿಗೆ ತೆಗೆದ.

"ಕೂಸಾದ್ರ ಟಿಕೆಟ್ ಇಲ್ಲ. ಕಲ್ಲಾದ್ರ ಲಗೇಜು. ಮೊದಲ ಹೇಳಬಾರದೇನ್ರಿ?"

ದವಾಖಾನೆಯ ಮುಂದಿನ ಕೆಸರಿನಲ್ಲಿ ಹೂತುಹೋಗಿದ್ದ ಬಸ್ಸನ್ನು ಹಿಂದಕ್ಕೆ ಹೊರಳಿಸಲು ಊರಿನ ಎರಡು ಜೋಡಿ ಎತ್ತು ಬೇಕಾದವು. ಎತ್ತು ಹುಡುಕುವಷ್ಟರಲ್ಲಿ ಗಂಗೂಬಾಯಿಗೆ ಇನ್ನೊಂದು ವಿಚಾರ ಹೊಳೆದಿತ್ತು.

"ಅಂದ್ರ ನಿಂದು ಖರೇ ಕೂಸು ಇಲ್ಲೇನು?"

"ಇಲ್ರಿ."

"ಮದಿವ್ಯಾಗಿ ಎಷ್ಟು ದಿನಾ ಆತು?"

"ಆರು ವರ್ಷ. ಮೊದಲ ಬಿ.ಎಡ್. ಆಗಲಿ ಅಂತ..."

"ಬಿ.ಎಡ್. ಆದ್ರ ಹೆದರಬ್ಯಾಡ ತಂಗಿ. ನಮ್ಮ ನಾದಿನಿಗೂ ಏನೇನೋ ಆಗಿತ್ತು. ಹಳದಿ ಕಷಾಯ ಕುಡದು ಐದು ಹಡದಳು."

ಬೆಳಗಾವಿ ಬರುವವರೆಗೆ ಕಾಂತಾಳಿಗೆ ಒಂಬತ್ತು ಕಷಾಯ, ನಾಲ್ಕು ಹರಕೆ, ಒಬ್ಬ ವೈದ್ಯನ ವಿಳಾಸ ಸಿಕ್ಕವು. ಕಷಾಯ ಬೇಕೋ ಎಂದು ಎಲ್ಲರೂ ಕೇಳಿದರು. ಕೂಸು ಬೇಕೋ ಎಂದು ಯಾರೂ ಕೇಳಲಿಲ್ಲ.

ಟಾಂಗಾ ಮಾಡಿಕೊಂಡು, ತೊಟ್ಟಿಲನ್ನು ಹಿಂದೆ ಕಟ್ಟಿಸಿಕೊಂಡು, ಊರಿನ ಕ್ಯಾಂಪ್ ಭಾಗದ ಹಳೆಯ ಬಂಗಲೆಯಲ್ಲಿದ್ದ ಕಾಲೇಜು ಮುಟ್ಟಿದಾಗ ನಾಲ್ಕೂವರೆ. ಗುಮಾಸ್ತ ಮಾರ್ತಾಂಡ ರಜಿಸ್ಟರು ಮುಚ್ಚಿ ಮೇಲೆ ಚಹದ ಕಪ್ಪು ಇಟ್ಟಿದ್ದ.

"ಕಾಂತಾ ಗುರುಪುತ್ರಪ್ಪ? ನಾಕಕ್ಕ ಹೆಸರು ಕರದ್ವಿ. ಐದು ಮಿನಿಟ್ ತಡದು ನೋಡಿ ಮುಂದಿನವರಿಗೆ ಕೊಟ್ವಿ. ಎಲ್ಲಾ ಸೀಟು ಮುಗದಾವ್ರಿ."

"ಒಂದಾದರೂ ಉಳದಿಲ್ಲೇನ್ರಿ?"

"ಮುಂದಿನ ವರ್ಷ ಬರ್ರಿ."

ಮುಂದಿನ ವರ್ಷ! ಒಂದು ವರ್ಷವನ್ನು ಓಣಿಯಿಂದ ಹೇಗೆ ಕಾಪಾಡಿಕೊಂಡಿದ್ದಳೆಂಬುದು ಅವಳಿಗೊಬ್ಬಳಿಗೇ ಗೊತ್ತು. ಇನ್ನೊಂದು ವರ್ಷಕ್ಕೆ ಅವಳ ಬಳಿ ನೆವಗಳು ಉಳಿದಿರಲಿಲ್ಲ. ಬೆಳಗಿನಿಂದ ಬಾರದಿದ್ದ ಕಣ್ಣೀರು ಆಗ ಬಂತು. ಅದನ್ನು ನುಂಗಲು ನೋಡುತ್ತ, ತನಗೇ ಅರಿವಿಲ್ಲದೆ, ಎದೆಯ ಮೇಲಿನ ಗಂಟನ್ನು ಮೆಲ್ಲಗೆ ತಟ್ಟತೊಡಗಿದಳು. ತೋಳಿಗೆ ಇಡೀ ದಿನದ ರೂಢಿಯಾಗಿತ್ತು.

ಮಾರ್ತಾಂಡ ಕನ್ನಡಕ ಏರಿಸಿ ಆ ಕೆಂಪು ಕುಂಚಿಗೆಯನ್ನು ನೋಡಿದ. ಚಹದ ಕಪ್ಪು ಅಲ್ಲಾಡಿತು.

"ಅಲ್ಲರೀ ಬಾಯಾರ, ಕೂಸು ಐತಿ ಅಂತ ಮೊದಲ ಹೇಳಬಾರದಾ! ತಾಯಂದಿರ ಸೀಟು ಖಾಲಿ ಐತಿ!"

ಅವನು ಕಪಾಟಿನ ತಳದಿಂದ ಒಂದು ಫೈಲು ತೆಗೆದು ಧೂಳು ಊದಿದ. ಯಾರೋ ಇನಾಮದಾರರು ತೀರಿಹೋದ ಹೆಂಡತಿಯ ನೆನಪಿಗೆ ಇಟ್ಟ ಸೀಟು. ಒಂದು ವರ್ಷದೊಳಗಿನ ಕೂಸುಳ್ಳ ತಾಯಿಗೆ ಮಾತ್ರ. ಇಟ್ಟು ನಾಲ್ಕು ವರ್ಷವಾದರೂ ಯಾರೂ ಬಂದಿರಲಿಲ್ಲ.

ಖಾನಾಪುರದಿಂದ ಕ್ಯಾಂಪಿನವರೆಗೆ "ಕಲ್ಲು, ಕಲ್ಲು" ಎಂದು ಕೂಗಿ ಬಾಯಿ ಒಣಗಿಸಿಕೊಂಡಿದ್ದ ಕಾಂತಾ ಮೊದಲ ಸಲ ಬಾಯಿ ಮುಚ್ಚಿದಳು.

"ಗಂಡೋ ಹೆಣ್ಣೋ?"

ಕಾಂತಾ ಯೋಚಿಸಿದಳು. ಗುಂಡುಕಲ್ಲು. "ಗಂಡು."

"ಹೆಸರು?"

ಪೂರ್ತಿ ಸುಳ್ಳು ಹೇಳಿದ ಹಾಗೆ ಆಗಬಾರದೆಂದು ಅವಳು, "ಕಲ್ಲಪ್ಪ," ಎಂದಳು.

ಮಾರ್ತಾಂಡ ಬರೆದುಕೊಂಡು ಒಳಗೆ ಓಡಿದ. ಪ್ರಿನ್ಸಿಪಾಲ್ ರಾಧಾಬಾಯಿಯವರು ತಾವೇ ಎದ್ದು ಬಂದರು. ಮನೋವಿಜ್ಞಾನ ಕಲಿಸಿ ತಲೆ ನೆರೆಸಿಕೊಂಡ ದೊಡ್ಡ ಹೆಂಗಸು. ಬಂದವರೇ ಕಾಂತಾಳ ಬೆನ್ನು ತಟ್ಟಿದರು.

"ಕೂಸು ಇದ್ದವರು ಓದಲಿಕ್ಕೆ ಬರೂದಿಲ್ಲ, ಓದಲಿಕ್ಕೆ ಬರೋವ್ರಿಗೆ ಕೂಸು ಇರೂದಿಲ್ಲ. ಎರಡೂ ಮಾಡಬಹುದು ಅಂತ ತೋರಿಸಿದ ಮೊದಲನೇ ಹೆಣ್ಮಗಳು ನೀ. ನಾಳೆ ಪ್ರಾರ್ಥನಾದಾಗ ನಿನ್ನ ಉದಾಹರಣಿ ಕೊಡ್ತೀನಿ. ಎಲ್ಲಿ, ಮಾರಿ ತೋರಸು."

"ನಿದ್ದಿ ಮಾಡೇತ್ರಿ," ಎಂದು ಕಾಂತಾ ಕುಂಚಿಗೆಯನ್ನು ಇನ್ನಷ್ಟು ಕೆಳಗೆ ಎಳೆದಳು.

"ಇಷ್ಟು ಗದ್ದಲದಾಗ ನಿದ್ದಿ! ಅಳೂದಿಲ್ಲಾ?"

"ಇಲ್ರಿ."

"ರಾತ್ರಿ ಎಬ್ಬಸ್ತದೇನು?"

"ಇಲ್ಲೀತನಕ ಎಬ್ಬಿಸಿಲ್ರಿ."

"ಹಟಾ ಮಾಡ್ತದ?"

"ಇಟ್ಟಲ್ಲೆ ಇರತೈತ್ರಿ."

ರಾಧಾಬಾಯಿಯವರು ಮೆಚ್ಚಿಕೊಂಡು ಗಂಟಿನ ಬೆನ್ನನ್ನೂ ತಟ್ಟಿದರು. ಅವರ ಬಳೆ ಕಲ್ಲಿಗೆ ತಾಗಿ ಠಣ್ ಎಂದಿತು. ಕಾಂತಾ ಗಂಟನ್ನು ಇನ್ನೊಂದು ತೋಳಿಗೆ ಹೊರಳಿಸಿಕೊಂಡಳು.

"ಭಾಳ ಗಟ್ಟಿಮುಟ್ಟ ಅದ," ಎಂದರು ರಾಧಾಬಾಯಿ. "ಇಪ್ಪತ್ತೆರಡು ವರ್ಷ ಬಾಲಮನೋವಿಜ್ಞಾನ ಕಲಿಸೀನಿ. ಇಷ್ಟು ಶಿಸ್ತಿನ ಕೂಸು ನೋಡಿಲ್ಲ. ಮಾರ್ತಾಂಡ, ಸಹಿ ತಗೋ."

ಕಾಂತಾ ಎಡತೋಳಿನಲ್ಲಿ ಕಲ್ಲಪ್ಪನನ್ನು ಹಿಡಿದು ಬಲಗೈಯಿಂದ ಸಹಿ ಮಾಡಿದಳು. ಪದವಿಪತ್ರ ಕೊಟ್ಟಳು, ರಸೀದಿ ತೆಗೆದುಕೊಂಡಳು. ಬಿ.ಎಡ್.! ಕುಣಿಯಬೇಕೆನ್ನಿಸಿತು, ಕಲ್ಲು ಭಾರವಿದ್ದದ್ದರಿಂದ ಕುಣಿಯಲಿಲ್ಲ. ಮೆಟ್ಟಿಲು ಇಳಿಯುತ್ತಿದ್ದವಳನ್ನು ರಾಧಾಬಾಯಿಯವರು ಕರೆದರು.

"ಶನಿವಾರದ್ದು ಗೊತ್ತದ ಅಲ್ಲಾ? ಪ್ರತಿ ಶನಿವಾರ ಹತ್ತರಿಂದ ಹನ್ನೆರಡರತನಕ ಕೂಸಿನ್ನ ಕ್ಲಾಸಿಗೆ ತರಬೇಕು. ಎಲ್ಲಾ ವಿದ್ಯಾರ್ಥಿಗಳೂ ಸುತ್ತ ಕೂತು ಅದರ ವರ್ತನಾ ನೋಡಿ ವಹಿಯೊಳಗ ಬರಕೋತಾರ. ಅದಕ್ಕಂತನ ಈ ಸೀಟು ಇಟ್ಟದ್ದು. ಕೂಸು ಬರಲಿಲ್ಲಂದ್ರ ಸೀಟು ರದ್ದು. ನಾಡಿದ್ದಿನಿಂದನ ಸುರು."

ಟಾಂಗಾ ಶಹಾಪುರದ ಕಡೆ ಹೊರಟಿತು. ಓಣಿಯ ಮಗ್ಗಗಳ ಸದ್ದು ಕೇಳಿಸುವವರೆಗೆ ಕಾಂತಾ ಬೆರಳು ಮಡಿಸಿ ತಾಸು ಎಣಿಸಿದಳು. ಕೂಸಿನ ಮಾತು ಆಮೇಲೆ ಎಂದು ಬಿ.ಎಡ್. ಸೇರಲು ಹೋದವಳಿಗೆ, ಬಿ.ಎಡ್. ಓದಬೇಕಾದರೆ ನಾಡಿದ್ದು ಹತ್ತು ಗಂಟೆಯೊಳಗೆ ಒಂದು ಕೂಸು ಬೇಕಾಗಿತ್ತು.

ಅಕ್ಕವ್ವನ ಮನೆಯಲ್ಲಿ ಓಣಿಯ ಹೆಂಗಸರೆಲ್ಲ ಸೇರಿದ್ದರು. ತೊಟ್ಟಿಲು ಕಟ್ಟಿದರು, ಆರತಿ ಎತ್ತಿದರು, ಕಲ್ಲನ್ನು ಅವಳ ತೋಳಿನಿಂದ ಇಳಿಸಿಕೊಂಡು ತೊಟ್ಟಿಲಲ್ಲಿ ಮಲಗಿಸಿದರು. ತೋಳು ಹಗುರಾಯಿತು. ಎಷ್ಟು ಹಗುರಾಯಿತೆಂದರೆ ಅದನ್ನು ಎಲ್ಲಿಡಬೇಕೋ ಕಾಂತಾಳಿಗೆ ತಿಳಿಯಲಿಲ್ಲ. ಕೋಣೆಯಲ್ಲಿ ಅಕ್ಕವ್ವನ ಮಗಳ ಹನ್ನೆರಡು ದಿನದ ಹೆಣ್ಣುಕೂಸು ಬದನೆಕಾಯಿಯ ಹಾಗೆ ಕೆಂಪಗೆ ನೀಲಿಯಾಗಿ ಅಳುತ್ತಿತ್ತು. ಅವಳು ಹೋಗಿ ಎತ್ತಿಕೊಂಡಳು. ಅದು ಒಂದು ಗಳಿಗೆ ಅಳು ನಿಲ್ಲಿಸಿ ಅವಳನ್ನು ನೋಡಿತು. ನೋಡಿ, ಅವಳ ಸೀರೆಯ ನೆರಿಗೆಯನ್ನೆಲ್ಲ ತೋಯಿಸಿ, ಮತ್ತೆ ಮೊದಲಿಗಿಂತ ಜೋರಾಗಿ ಅಳತೊಡಗಿತು.

"ಅಕ್ಕವ್ವಾರ," ಎಂದಳು ಕಾಂತಾ, ಆದಷ್ಟು ಸಹಜವಾಗಿ, "ಶನಿವಾರ ಶನಿವಾರ ಎರಡು ತಾಸು ಕೂಸಿನ್ನ ನಾ ಒಯ್ದು ಆಡಸ್ಲೇನು? ನಿಮಗೂ ಆರಾಮ ಆಗತೈತಿ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು.

"ಮೂರು ತಿಂಗಳು ಹೊಸ್ತಿಲಾ ದಾಟಸಂಗಿಲ್ಲವಾ," ಎಂದಳು ಅಕ್ಕವ್ವ, ದನಿ ಮೆತ್ತಗೆ ಮಾಡಿ. "ಇಲ್ಲೇ ಬಂದು ಆಡಸು. ಆಶಾ ಆಗತೈತಿ, ನಮಗ ತಿಳೀತೈತಿ."

"ಹಂಗಾರ ನಾಳೆ ಕಾರ್ಯ ಮುಗದ ಮ್ಯಾಲ ಕಲ್ಲು ಏನು ಮಾಡ್ತೀರಿ?"

"ಏನು ಮಾಡೂದು? ನಿಮ್ಮ ಅತ್ತಿದು. ಖಾರಾ ರುಬ್ಬಾಕ ವಾಪಸ್ ಹೊಕ್ಕೈತಿ."

"ನನ್ನ ಕಡೆ ಇರಲಿ ಬಿಡ್ರಿ. ಕುಂಚಿಗಿನೂ ಇರಲಿ."

ಈ ಸಲ ಯಾರೂ ಮುಖ ನೋಡಿಕೊಳ್ಳಲೂ ಇಲ್ಲ. ಮೂಲೆಯಲ್ಲಿದ್ದ ಸಾವಂತ್ರವ್ವ ಮೂಗು ಸೆಳೆದುಕೊಂಡಳು. ಅಕ್ಕವ್ವ ಎದ್ದು ಬಂದು ಕಾಂತಾಳ ತಲೆ ಸವರಿದಳು. ಬಸವಣ್ಣೆವ್ವನಿಗೆ ಈ ಸುದ್ದಿ ನಾಳೆಯ ಮೊದಲ ಬಸ್ಸಿಗೇ ಹೋಗುತ್ತದೆ, ನಾಡಿದ್ದಿನಿಂದ ಮನೆಯಲ್ಲಿ ಒಂಬತ್ತೂ ಕಷಾಯ ಕುದಿಯುತ್ತವೆ ಎಂಬುದು ಆ ಕೈಯ ಮೆತ್ತಗಿನಲ್ಲೇ ಗೊತ್ತಾಗುತ್ತಿತ್ತು.

ಬಾಗಿಲಲ್ಲಿ ಗುರುಪುತ್ರಪ್ಪ ನಿಂತಿದ್ದ. "ಸೀಟು?" ಎಂದು ಹುಬ್ಬಿನಲ್ಲೇ ಕೇಳಿದ.

"ಸಿಕ್ತು."

ಅವನ ಮುಖ ಅರಳಿತು. "ನಾ ಹೇಳಿದ್ದಿಲ್ಲಾ? ಇನ್ನೇನು ಕಾಳಜಿ ಇಲ್ಲ ಬಿಡು."

ಕಾಂತಾ ಹೂಂ ಎಂದಳು. ತೊಟ್ಟಿಲ ಹತ್ತಿರ ಹೋಗಿ, ಓರೆಯಾಗಿದ್ದ ಕುಂಚಿಗೆಯ ದಾರವನ್ನು ಬಿಚ್ಚಿ ಮತ್ತೆ ಕಟ್ಟಿದಳು, ಈ ಸಲ ಮೂಗಿನ ಕೆಳಗಿನವರೆಗೂ ಬರುವ ಹಾಗೆ. ಇವತ್ತು ಒಂದು ಬಸ್ಸಿನ ತುಂಬ ಜನ ನಂಬಿದ್ದರು. ಸ್ಟೆತಸ್ಕೋಪು ಹಚ್ಚಿದವನೂ ಒಂದು ನಿಮಿಷ ನಂಬಿದ್ದ. ಇಪ್ಪತ್ತೆರಡು ವರ್ಷ ಕೂಸುಗಳ ಮನಸ್ಸನ್ನು ಓದಿದವರು ಬೆನ್ನು ತಟ್ಟಿಯೂ ನಂಬಿದ್ದರು. ನಂಬದೆ ಉಳಿದವಳು ತಾನೊಬ್ಬಳೇ.

ಶನಿವಾರ ಕಲ್ಲಪ್ಪ ನಿದ್ದೆ ಮಾಡುತ್ತಾನೆ. ಅದರ ಮುಂದಿನ ಶನಿವಾರವೂ ಮಾಡುತ್ತಾನೆ. ಪರೀಕ್ಷೆ ಮುಗಿಯುವವರೆಗೆ ಅವನಿಗೆ ಎಚ್ಚರವಾಗುವುದಿಲ್ಲ.

ಇಷ್ಟನ್ನು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡು ಕಾಂತಾ ತೊಟ್ಟಿಲನ್ನು ಒಂದು ಸಲ ಮೆಲ್ಲಗೆ ತೂಗಿದಳು.